ವಾಹನದ ಒಳಾಂಗಣ ಮತ್ತು ವಿದ್ಯುತ್ ಉಪಕರಣಗಳು: ಆವಿಷ್ಕಾರಗಳೂ ಕೋಲಾರ ಸೀಮೆಯೂ

ಮಾಸ್ತಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಸಣ್ಣಕಥೆ. ಭೂಪಟದಲ್ಲಿ ನೋಡಿದರೆ ಮಾಲೂರು ತಾಲ್ಲೂಕಿನ ಈ ಹೋಬಳಿ ಕೇಂದ್ರದ ಸುತ್ತಲೂ ವಾಹನ ಕಾರ್ಖಾನೆಗಳಿವೆ. ಉತ್ತರಕ್ಕೆ ನರಸಾಪುರದಲ್ಲಿ 2013ರಿಂದ ಹೋಂಡಾ ಸ್ಕೂಟರುಗಳು ತಯಾರಾಗುತ್ತಿವೆ. ವಾಯವ್ಯಕ್ಕೆ ಹೊಸಕೋಟೆಯಲ್ಲಿ ವೋಲ್ವೋ ಇದೆ. ನೈರುತ್ಯಕ್ಕೆ, ತಮಿಳುನಾಡಿನ ಗಡಿ ದಾಟಿದರೆ ಹೊಸೂರು. ಅಲ್ಲಿ ಟಿವಿಎಸ್ ಮತ್ತು ಅಶೋಕ್ ಲೇಲ್ಯಾಂಡ್. ಪೂರ್ವಕ್ಕೆ ಕೆಜಿಎಫ್‌ನಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್ ಕಟ್ಟುವ ಬಿಇಎಂಎಲ್. ಈ ಸೀಮೆಯ ಯುವಕ ಯುವತಿಯರಲ್ಲಿ ಬಹಳ ಮಂದಿ ಬೆಳಗಿನ ಪಾಳಿಯ ಬಸ್ಸು ಹತ್ತುವುದು ಈ ಊರುಗಳ ಕಡೆಗೇ.

ವಾಹನ ಎಂದರೆ ಎಂಜಿನ್ನು, ಚಕ್ರ, ಮೈಲೇಜು ಎಂದು ಮಾತು ಹೊರಡುವುದು ವಾಡಿಕೆ. ಆದರೆ ಕೂತವರ ಅನುಭವಕ್ಕೆ ಬರುವುದು ಒಳಭಾಗ: ಬೆನ್ನಿಗೆ ಒತ್ತುವ ಸೀಟು, ಕೈಗೆ ಸಿಗುವ ಸ್ವಿಚ್ಚು, ಕಣ್ಣಿಗೆ ಕಾಣುವ ಮುಳ್ಳು, ಮಳೆಯಲ್ಲಿ ಓಡಾಡುವ ವೈಪರು, ಕಿವಿಗೆ ಬೀಳುವ ಹಾರ್ನು. ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣ ಇವಕ್ಕೆಲ್ಲ ಬೇರೆ ಬೇರೆ ಮನೆಗಳನ್ನೇ ಕಟ್ಟಿಕೊಟ್ಟಿದೆ. ಬಿ60 ಎಂಬ ವಾಹನ ವರ್ಗದೊಳಗೆ ಸೀಟುಗಳಿಗೆ ಎನ್, ಸೂಚನಾ ದೀಪಗಳಿಗೆ ಕ್ಯೂ, ತಂಪು–ಬಿಸಿ ವ್ಯವಸ್ಥೆಗೆ ಎಚ್, ಬೆಲ್ಟು, ಏರ್‌ಬ್ಯಾಗ್, ವೈರಿಂಗ್ ಮತ್ತು ಉಳಿದ ಜೋಡಣೆಗಳಿಗೆ ಆರ್ ಎಂಬ ಉಪವರ್ಗಗಳಿವೆ. ಇವುಗಳ ಇತಿಹಾಸ ನೋಡಿದರೆ ಒಂದು ಅಂಶ ಮತ್ತೆ ಮತ್ತೆ ಎದುರಾಗುತ್ತದೆ: ಮುಖ್ಯವಾದ ಹಲವು ಆವಿಷ್ಕಾರಗಳು ಹುಟ್ಟಿದ್ದು ದೊಡ್ಡ ವಿನ್ಯಾಸ ವಿಭಾಗಗಳಲ್ಲಿ ಅಲ್ಲ. ಒಂದು ತೊಂದರೆಯನ್ನು ಹತ್ತಿರದಿಂದ ಕಂಡು, ಅದನ್ನು ಸಹಿಸಿಕೊಂಡು ಸುಮ್ಮನಿರಲಾರದ ವ್ಯಕ್ತಿಗಳಿಂದ.

1902

1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಬಂದು ಕೋಲಾರದ ಚಿನ್ನದ ಗಣಿ ತಲುಪಿತು. ಜಗತ್ತೇ ಗಮನಿಸಿದ ಕೆಲಸ ಅದು. ಅದೇ ವರ್ಷ ಜರ್ಮನಿಯಲ್ಲಿ ವಿದ್ಯುತ್ತು ಮತ್ತು ಕಾಂತ ಮೋಟಾರು ವಾಹನದೊಳಕ್ಕೆ ಎರಡು ಹೊಸ ದಾರಿಯಿಂದ ಕಾಲಿಟ್ಟವು. ಬಾಷ್ ಕಂಪನಿಯ ಗಾಟ್ಲೋಬ್ ಹೊನೋಲ್ಡ್ ರೂಪಿಸಿದ ಹೈ–ವೋಲ್ಟೇಜ್ ಮ್ಯಾಗ್ನೆಟೊ ಪ್ಲಗ್ಗಿನಲ್ಲಿ ನಂಬಿಕಸ್ಥ ಕಿಡಿ ಹಾರಿಸಿತು. ಆಗ ಜರ್ಮನಿಯದಾಗಿದ್ದ ಸ್ಟ್ರಾಸ್‌ಬರ್ಗಿನ ಓಟ್ಟೊ ಶುಲ್ಟ್ಸೆ ವೇಗಮಾಪಕಕ್ಕೆ ಪೇಟೆಂಟ್ ಕೋರಿದರು. ಚಕ್ರದ ಕಡೆಯಿಂದ ಬಂದ ಕೇಬಲ್ಲು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಎದುರಿಗಿರುವ ಲೋಹದ ಬಟ್ಟಲನ್ನು ಅದು ಮುಟ್ಟುವುದೇ ಇಲ್ಲ, ಆದರೂ ಬಟ್ಟಲಿನಲ್ಲಿ ಸುಳಿ ಪ್ರವಾಹ ಹುಟ್ಟಿ ಅದನ್ನು ಎಳೆಯುತ್ತದೆ. ಸಣ್ಣ ಸುರುಳಿ ಸ್ಪ್ರಿಂಗು ತಡೆಯುತ್ತದೆ. ಎರಡರ ಎಳೆದಾಟ ನಿಂತಲ್ಲಿ ಮುಳ್ಳು ನಿಲ್ಲುತ್ತದೆ. ಪರದೆಗಳು ಬರುವವರೆಗೆ, ಹೆಚ್ಚುಕಡಿಮೆ ಒಂದು ಶತಮಾನ, ಸ್ಕೂಟರಿನಿಂದ ಲಾರಿಯವರೆಗೆ ವೇಗ ತೋರಿಸಿದ್ದು ಈ ಸರಳ ಉಪಾಯವೇ.

ಆಗಿನ ಕಾರು ಚಾಲೂ ಮಾಡುವುದು ಮೈಕೈ ನೋವಿನ ಕೆಲಸ. ಹ್ಯಾಂಡಲ್ ಹಾಕಿ ತಿರುಗಿಸಬೇಕು. ಎಂಜಿನ್ನು ಹಿಮ್ಮುಖವಾಗಿ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು, ಕೆಲವೊಮ್ಮೆ ದವಡೆಯೂ. ಎಂಜಿನ್ನನ್ನು ತಿರುಗಿಸುವ ವಿದ್ಯುತ್ ಮೋಟಾರು ಎಂಜಿನ್ನಿನಷ್ಟೇ ದೊಡ್ಡದಾಗಬೇಕು ಎಂಬುದು ಅಂದಿನ ಎಂಜಿನಿಯರುಗಳಲ್ಲಿ ಅನೇಕರ ಲೆಕ್ಕ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅದಕ್ಕೂ ಮೊದಲು ಅಂಗಡಿಗಳ ಕ್ಯಾಷ್ ರಿಜಿಸ್ಟರಿಗೆ ವಿದ್ಯುತ್ ಮೋಟಾರು ಅಳವಡಿಸಿದವರು. ಗಲ್ಲಾಪೆಟ್ಟಿಗೆ ತೆರೆಯಲು ಮೋಟಾರು ದಿನವಿಡೀ ಓಡಬೇಕಿಲ್ಲ, ಕ್ಷಣಕಾಲ ಜೋರಾಗಿ ಎಳೆದರೆ ಸಾಕು ಎಂಬುದು ಅವರಿಗೆ ಗೊತ್ತಿತ್ತು. ಕೆಲವೇ ಸೆಕೆಂಡು ಮಿತಿಮೀರಿದ ಹೊರೆ ಹೊರುವ ಸಣ್ಣ ಮೋಟಾರು 1912ರ ಕ್ಯಾಡಿಲಾಕ್ ಕಾರಿನೊಳಗೆ ಕೂತಿತು. ಎಂಜಿನ್ನು ಹಿಡಿದ ಮೇಲೆ ಅದೇ ಯಂತ್ರ ಡೈನಮೋ ಆಗಿ ಬ್ಯಾಟರಿ ತುಂಬುತ್ತಿತ್ತು, ದೀಪಗಳಿಗೂ ಅದರಿಂದಲೇ ಕರೆಂಟು. ನಮ್ಮ ಮೆಕ್ಯಾನಿಕ್ಕುಗಳು ‘ಸೆಲ್ಫ್’ ಎಂದು ಕರೆಯುವ ಉಪಕರಣದ ಹುಟ್ಟು ಹೀಗೆ.

ಮುಂದೆ ಸ್ಟಾರ್ಟರು ಬೇರೆ, ಡೈನಮೋ ಬೇರೆ ಎಂದಾಗಿ ದಶಕಗಳು ಕಳೆದವು. 2020ರ ಜನವರಿಯಲ್ಲಿ ಬಂದ ಹೋಂಡಾದ ಆಕ್ಟಿವಾ 6ಜಿ ಸ್ಕೂಟರಿನಲ್ಲಿ ಕರೆಂಟು ತಯಾರಿಸುವ ಎಸಿಜಿ ಯಂತ್ರವೇ ಎಂಜಿನ್ನನ್ನೂ ತಿರುಗಿಸುತ್ತದೆ. ಹಲ್ಲುಚಕ್ರ ಕಚ್ಚುವ ‘ಕರ್ರ್’ ಸದ್ದಿಲ್ಲ, ಸವೆಯುವ ಹಲ್ಲೂ ಇಲ್ಲ. ಕೆಟರಿಂಗ್ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದ ಎರಡು ಕೆಲಸಗಳು ನೂರೆಂಟು ವರ್ಷಗಳ ನಂತರ ಮತ್ತೆ ಜೊತೆಯಾಗಿವೆ. ಹಳೆಯ ಪೇಟೆಂಟುಗಳನ್ನು ಓದುವುದು ಕಾಲಹರಣವಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಗಾಜು ಒರೆಸಿದವರು

ಅಲಬಾಮಾದ ಮೇರಿ ಆಂಡರ್ಸನ್ ಕಾರು ತಜ್ಞೆಯಲ್ಲ. ನ್ಯೂಯಾರ್ಕಿನ ಚಳಿಗಾಲದಲ್ಲಿ ಟ್ರಾಮಿನಲ್ಲಿ ಹೋಗುವಾಗ, ಗಾಜಿನ ಮೇಲೆ ಬೀಳುವ ಹಿಮ ಸರಿಸಲು ಚಾಲಕ ಕಿಟಕಿ ತೆರೆದು ಪಡುತ್ತಿದ್ದ ಪಾಡು ಅವರ ಕಣ್ಣಿಗೆ ಬಿತ್ತು. ಒಳಗಿನಿಂದಲೇ ಸನ್ನೆಕೋಲು ಎಳೆದು ಹೊರಗಿನ ರಬ್ಬರು ಪಟ್ಟಿ ಆಡಿಸುವ ಸಾಧನಕ್ಕೆ 1903ರ ನವೆಂಬರಿನಲ್ಲಿ ಪೇಟೆಂಟ್ ಪಡೆದರು. ಕೊಳ್ಳುವ ಕಂಪನಿ ಸಿಗಲಿಲ್ಲ. ವೈಪರು ಎಲ್ಲ ಕಾರುಗಳ ಮುಖಕ್ಕೆ ಏರುವ ಹೊತ್ತಿಗೆ ಅವರ ಪೇಟೆಂಟಿನ ಅವಧಿ ಮುಗಿದಿತ್ತು. ಅವರಿಗೆ ಕಾಸು ದಕ್ಕಲಿಲ್ಲ.

ಜಿನುಗು ಮಳೆಯಲ್ಲಿ ನಿಂತು ನಿಂತು ಆಡುವ ವೈಪರಿನ ಕಥೆ ಇನ್ನೂ ಕಟುವಾದದ್ದು. ರಾಬರ್ಟ್ ಕರ್ನ್ಸ್ ಒಂದು ಕಣ್ಣಿನ ದೃಷ್ಟಿ ಬಹುತೇಕ ಕಳೆದುಕೊಂಡಿದ್ದ ಎಂಜಿನಿಯರ್. ರೆಪ್ಪೆ ಸದಾ ಬಡಿಯುತ್ತಲೇ ಇರುವುದಿಲ್ಲ, ಬೇಕಾದಾಗ ಬಡಿದು ಬಿಡುವು ಕೊಡುತ್ತದೆ. ವೈಪರೂ ಹಾಗೇಕಿರಬಾರದು ಎಂದು ಅವರು ಯೋಚಿಸಿದರು. ಕೆಪಾಸಿಟರಿನಲ್ಲಿ ವಿದ್ಯುದಂಶ ತುಂಬಲು ಹಿಡಿಯುವ ಸಮಯವೇ ವೈಪರಿನ ಬಿಡುವು. ತುಂಬಿದೊಡನೆ ಟ್ರಾನ್ಸಿಸ್ಟರು ಮೋಟಾರಿಗೆ ಅಪ್ಪಣೆ ಕೊಡುತ್ತದೆ. 1964ರಲ್ಲಿ ಅರ್ಜಿ ಹಾಕಿದ ಕರ್ನ್ಸ್ ಮುಂದೆ ದೊಡ್ಡ ಕಾರು ಕಂಪನಿಗಳೊಂದಿಗೆ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿದರು. 1990ರಲ್ಲಿ ಫೋರ್ಡ್ ಒಂದು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ರಾಜಿ ಮಾಡಿಕೊಂಡಿತು. ಕಂಪನಿಗಳು ವಾದಿಸಿದ್ದು ಇಷ್ಟೇ: ಬಿಡಿಭಾಗಗಳೆಲ್ಲ ಮೊದಲೇ ಇದ್ದವು. ಅವುಗಳನ್ನು ಹೊಸ ಕೆಲಸಕ್ಕೆ ಹೊಸ ರೀತಿಯಲ್ಲಿ ಕೂಡಿಸಿದ್ದೂ ಆವಿಷ್ಕಾರವೇ ಎಂಬ ಕರ್ನ್ಸ್ ನಿಲುವು ಕೊನೆಗೆ ನಿಂತಿತು.

ಈ ಇಬ್ಬರ ನಡುವಿನ ಕಾಲದಲ್ಲಿ ಬಾಷ್ ಕಂಪನಿ ಒಂದೊಂದಾಗಿ ವಿದ್ಯುತ್ ಉಪಕರಣಗಳನ್ನು ಮಾರುಕಟ್ಟೆಗೆ ತಂದಿತ್ತು: 1913ರಲ್ಲಿ ಡೈನಮೋ ಸಮೇತ ಹೆಡ್‌ಲೈಟ್, 1921ರಲ್ಲಿ ಹಾರ್ನ್, 1926ರಲ್ಲಿ ವಿದ್ಯುತ್ ವೈಪರ್, 1928ರಲ್ಲಿ ದಿಕ್ಕು ಸೂಚಕ. ಹಳೆಯ ಮಾರಿಸ್ ಕಾರುಗಳ ಬಾಗಿಲ ಪಕ್ಕದ ಕಂಬದಿಂದ ದೀಪ ಹೊತ್ತು ಹೊರಚಾಚುತ್ತಿದ್ದ ಪುಟ್ಟ ಕೈ ಇಂಥ ಸೂಚಕದ್ದೇ ಮಾದರಿ. 1951ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಬಾಷ್ ಸಹಯೋಗದ ಮೈಕೋ ಕಂಪನಿ ಸ್ಥಾಪನೆಯಾದ ಮೇಲೆ ಬಾಷ್ ಪ್ಲಗ್ಗುಗಳು ಕರ್ನಾಟಕದಲ್ಲೇ ತಯಾರಾಗತೊಡಗಿದವು. ಅದಕ್ಕೂ ಹಿಂದೆ, 1930ರ ದಶಕದಲ್ಲಿ, ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದ್ದೇ ಕಾರು ಕಾರ್ಖಾನೆಗೆ ಯೋಜನೆ ಬರೆದು ಓಡಾಡಿದ್ದರು. ಬ್ರಿಟಿಷ್ ಸರ್ಕಾರ ಆಸಕ್ತಿ ತೋರಲಿಲ್ಲ. ಆ ಯೋಜನೆ ಬೆಂಗಳೂರಿನಲ್ಲಿ ಕೈಗೂಡಿದ್ದರೆ ಈ ಸೀಮೆಯ ಚರಿತ್ರೆಯೇ ಬೇರೆಯಾಗುತ್ತಿತ್ತು ಎನ್ನದೆ ಇರಲಾಗದು.

ಬೆಲ್ಟು ಮತ್ತು ಗಾಳಿಚೀಲ

ನಿಲ್ಸ್ ಬೋಲಿನ್ ಸ್ವೀಡನ್ನಿನ ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಪೈಲಟ್ಟನ್ನು ಸೀಟು ಸಮೇತ ಹೊರಗೆಸೆಯುವ ವ್ಯವಸ್ಥೆಯ ಮೇಲೆ ಕೆಲಸ ಮಾಡಿದ್ದವರು. ವೋಲ್ವೋಗೆ ಬಂದ ಮೇಲೆ ತದ್ವಿರುದ್ಧ ಸವಾಲು: ಮನುಷ್ಯನನ್ನು ಸೀಟಿನಲ್ಲೇ ಉಳಿಸಿಕೊಳ್ಳುವುದು. ಪೈಲಟ್ಟು ಎಷ್ಟು ಪಟ್ಟಿ ಕಟ್ಟಿದರೂ ಸಹಿಸುತ್ತಾನೆ, ದಿನಸಿ ತರಲು ಹೊರಟವರು ಸಹಿಸುವುದಿಲ್ಲ ಎಂಬುದನ್ನು ಅವರು ಅರಿತಿದ್ದರು. ಎದೆಗೊಂದು, ಸೊಂಟಕ್ಕೊಂದು ಎಳೆ. ಎರಡೂ ಪಕ್ಕೆಯ ಕೆಳಗೆ ಒಂದೇ ಕೊಂಡಿಗೆ. ಒಂದೇ ಕೈಯಲ್ಲಿ ಹಾಕಿಕೊಳ್ಳುವ ಹಗುರ. 1959ರ ಈ ಮೂರು ಬಿಂದುಗಳ ಬೆಲ್ಟನ್ನು ಇತರ ಕಂಪನಿಗಳೂ ಬಳಸಲು ವೋಲ್ವೋ ಬಿಟ್ಟುಕೊಟ್ಟಿತು. ಒಳಾಂಗಣ ಆವಿಷ್ಕಾರಗಳಲ್ಲಿ ಅತಿ ಹೆಚ್ಚು ಜೀವ ಉಳಿಸಿದ್ದು ಯಾವುದು ಎಂದರೆ ಇದೇ. ಭಾರತದಲ್ಲಿ ಮುಂದಿನ ಸೀಟಿಗೆ ಬೆಲ್ಟು ಕಡ್ಡಾಯವಾಗಿದ್ದು 1994ರಲ್ಲಿ. ಮುಂದಕ್ಕೆ ಮುಖಮಾಡಿದ ಹಿಂದಿನ ಸೀಟಿನವರೂ ಹಾಕಿಕೊಳ್ಳಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 138(3) ಸ್ಪಷ್ಟವಾಗಿ ಹೇಳುತ್ತದೆ. ಹಾಕಿಕೊಳ್ಳುವವರು ಇನ್ನೂ ವಿರಳ.

ಏರ್‌ಬ್ಯಾಗಿನ ಹಿಂದೆ ಇರುವುದು ಒಬ್ಬ ತಂದೆ. 1952ರಲ್ಲಿ ಜಾನ್ ಹೆಟ್ರಿಕ್ ಕಾರು ರಸ್ತೆ ಬಿಟ್ಟು ಚರಂಡಿಗೆ ಇಳಿದಾಗ, ಅವರೂ ಹೆಂಡತಿಯೂ ನಡುವೆ ಕೂತ ಮಗಳ ಮುಂದೆ ತಟ್ಟನೆ ಕೈ ಅಡ್ಡ ಹಿಡಿದರಂತೆ. ಆ ಕೈಗಳ ಕೆಲಸವನ್ನು ಚೀಲವೊಂದು ಮಾಡಲಿ ಎಂದು ಅವರು ಮರುವರ್ಷ ಪೇಟೆಂಟ್ ಪಡೆದರು. ಡಿಕ್ಕಿಯನ್ನು ಕ್ಷಣಾರ್ಧದಲ್ಲಿ ಗುರುತಿಸುವ ನಂಬಿಕಸ್ಥ ಸೆನ್ಸರು ಬರುವವರೆಗೆ ಅದು ಕಾಗದದಲ್ಲೇ ಉಳಿಯಿತು. ಭಾರತದ ಕಾರುಗಳಲ್ಲಿ 2019ರ ಜುಲೈ 1ರಿಂದ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯ. ಜೊತೆಗೆ ಬೆಲ್ಟು ನೆನಪಿಸುವ ಸದ್ದು, ವೇಗ ಗಂಟೆಗೆ 80 ಕಿಲೋಮೀಟರ್ ದಾಟಿದರೆ ಎಚ್ಚರಿಕೆ, ಹಿಂದಕ್ಕೆ ತೆಗೆಯುವಾಗ ಸೆನ್ಸರ್. ಪಕ್ಕದ ಸೀಟಿನ ಏರ್‌ಬ್ಯಾಗ್ 2021ರಲ್ಲಿ ಬಂತು.

ಮಾಲೂರು, ಕೋಲಾರದ ಕುಷನ್ ಅಂಗಡಿಗಳಲ್ಲಿ ಸೀಟ್ ಕವರ್ ಹೊಲಿಸುವವರು ಒಂದು ವಿಷಯ ನೋಡಬೇಕು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಪುಟ್ಟ ಚೀಟಿ ಇದ್ದರೆ, ಚೀಲ ಅಲ್ಲಿಂದಲೇ ಸೀಳಿಕೊಂಡು ಹೊರಬರಬೇಕು. ಅದರ ಮೇಲೆ ಗಟ್ಟಿ ರೆಕ್ಸಿನ್ ಬಿಗಿದರೆ ಚೀಲಕ್ಕೆ ದಾರಿ ಇರುವುದಿಲ್ಲ.

ಬಸ್ಸಿನ ಸೀಟು, ಲಾರಿಯ ಕ್ಯಾಬಿನ್ನು

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾದಾಗ ಒಳಾಂಗಣ ಎಂದರೆ ನೆಟ್ಟಗಿನ ಬೆಂಚು, ಕಬ್ಬಿಣದ ಕಂಬಿ, ಕಂಡಕ್ಟರಿನ ಗಂಟೆ ಹಗ್ಗ. ಕರ್ನಾಟಕದ ಪ್ರಯಾಣಿಕರ ನಿರೀಕ್ಷೆ ಬದಲಾಗಿದ್ದು 2001ರ ನಂತರ. ಹೊಸಕೋಟೆಯಿಂದ ಹೊರಟ ವೋಲ್ವೋ ಬಿ7ಆರ್ ಬಸ್ಸುಗಳಲ್ಲಿ ಎಂಜಿನ್ನು ಹಿಂದಕ್ಕೆ ಹೋಗಿತ್ತು, ಲೀಫ್ ಪಟ್ಟಿಗಳ ಬದಲು ಗಾಳಿಯ ಸಸ್ಪೆನ್ಷನ್ ಬಂದಿತ್ತು. ಚಾಲಕನ ಪಕ್ಕದ ಕಾದ ಬಾನೆಟ್ಟು ಮಾಯವಾಯಿತು. ಸದ್ದು, ಬಿಸಿ ಎರಡೂ ತಗ್ಗಿದವು. ಕೆಎಸ್‌ಆರ್‌ಟಿಸಿಯ ಐರಾವತ ಹೆಸರು ಮಾಡಿದ್ದು ಈ ಬಸ್ಸುಗಳಿಂದ. ನರಸಾಪುರದಲ್ಲಿ ಸ್ಕ್ಯಾನಿಯಾ 2015ರಲ್ಲಿ ಬಸ್ ಕಾರ್ಖಾನೆ ತೆರೆಯಿತು, ಆದರೆ 2018ರಲ್ಲಿ ಅದನ್ನು ಮುಚ್ಚಿತು. 2023ರಲ್ಲಿ ರಸ್ತೆಗಿಳಿದ ಕೆಎಸ್‌ಆರ್‌ಟಿಸಿಯ ‘ಪಲ್ಲಕ್ಕಿ’ ಸ್ಲೀಪರ್ ಬಸ್ಸು ಎಸಿ ಇಲ್ಲದ್ದು. ಅದರಲ್ಲೂ ಬರ್ತಿಗೊಂದು ಓದುವ ದೀಪ, ಮೊಬೈಲ್ ಚಾರ್ಜರ್ ಇವೆ.

ಒಳಾಂಗಣ ಎಂದರೆ ಮೆತ್ತೆ ಮಾತ್ರವಲ್ಲ, ಉರಿಯುವ ವಸ್ತುವೂ ಹೌದು. 2013ರ ಅಕ್ಟೋಬರ್ 30ರ ಬೆಳಗಿನ ಜಾವ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಖಾಸಗಿ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಬೆಂಕಿಗೆ ಸಿಕ್ಕಿ 45 ಮಂದಿ ಸತ್ತರು. ಎರಡು ವಾರ ಕಳೆಯುತ್ತಿದ್ದಂತೆ ಹಾವೇರಿ ಬಳಿ ಇನ್ನೊಂದು ಬಸ್ಸು ಸುಟ್ಟು ಏಳು ಜನ ಹೋದರು. ಫೋಮು, ಪರದೆ, ಪ್ಲಾಸ್ಟಿಕ್ ಹಲಗೆ ಎಷ್ಟು ನಿಧಾನವಾಗಿ ಉರಿಯಬೇಕೆಂದು ಹೇಳುವ ಐಎಸ್ 15061 ಮಾನದಂಡ 2002ರಿಂದಲೇ ಇದೆ. ತುರ್ತು ಬಾಗಿಲು ಎಲ್ಲಿರಬೇಕು, ಗಾಜು ಒಡೆಯುವ ಸುತ್ತಿಗೆ ಕೈಗೆ ಸಿಗುತ್ತದೆಯೇ, ಬೆಂಕಿಯನ್ನು ಗುರುತಿಸಿ ತಾನೇ ಆರಿಸುವ ವ್ಯವಸ್ಥೆ ಇದೆಯೇ ಎಂಬ ಪ್ರಶ್ನೆಗಳು ಈ ದುರಂತಗಳ ನಂತರ ಜೋರಾದವು. ಬಸ್ಸಿನ ಪರದೆಯ ಬಣ್ಣಕ್ಕಿಂತ ಈ ಪ್ರಶ್ನೆಗಳು ದೊಡ್ಡವು.

ಎಲ್ಲರಿಗಿಂತ ಕೊನೆಗೆ ಸವಲತ್ತು ತಲುಪಿದ್ದು ಲಾರಿ ಚಾಲಕನಿಗೆ. ಅಮೆರಿಕದ ಪ್ಯಾಕಾರ್ಡ್ ಕಂಪನಿ 1940ರ ಮಾದರಿಯಲ್ಲೇ ಕಾರಿಗೆ ಎಸಿ ಕೊಟ್ಟಿತ್ತು. ಅದು ಅರ್ಧ ಡಿಕ್ಕಿ ತುಂಬುತ್ತಿತ್ತು. ಪೂರ್ತಿ ನಿಲ್ಲಿಸಬೇಕಾದರೆ ಎಂಜಿನ್ ಆರಿಸಿ ಬೆಲ್ಟು ಕಳಚಬೇಕಿತ್ತು. ಅಲ್ಲಿಂದ 85 ವರ್ಷ ಬೇಕಾಯಿತು ಭಾರತದ ಲಾರಿಯ ಕ್ಯಾಬಿನ್ನಿಗೆ ಅದು ಹಕ್ಕಾಗಿ ಬರಲು: 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಕೋಲಾರದ ಎಪಿಎಂಸಿಯಿಂದ ಟೊಮೆಟೊ ಹೇರಿಕೊಂಡು ಉತ್ತರ ಭಾರತದವರೆಗೆ ಹೋಗುವ ಚಾಲಕರು ಬೇಸಿಗೆಯಲ್ಲಿ ಕಾದ ಕ್ಯಾಬಿನ್ನಿನಲ್ಲಿ ಕೂತೇ ಇಷ್ಟು ವರ್ಷ ದೇಶಕ್ಕೆ ತರಕಾರಿ ಮುಟ್ಟಿಸಿದ್ದಾರೆ. ಇದು ಹತ್ತಿಪ್ಪತ್ತು ವರ್ಷ ಮೊದಲೇ ಆಗಬೇಕಿತ್ತು.

ಹೆಚ್ಚುವರಿ ದೀಪ, ಹೆಚ್ಚುವರಿ ಬಿಸಿ

ಕಾರ್ಖಾನೆಯಿಂದ ಬಂದದ್ದು ಒಂದಾದರೆ ಅಂಗಡಿಯಲ್ಲಿ ಸೇರಿಸಿದ್ದು ಇನ್ನೊಂದು. ಆಟೋದೊಳಗೆ ಶಂಕರ್‌ನಾಗ್ ಚಿತ್ರದ ಸುತ್ತ ಮಿನುಗುವ ಎಲ್‌ಇಡಿ, ಟೆಂಪೋ ಡ್ಯಾಷ್‌ಬೋರ್ಡಿನ ದೇವರ ದೀಪ, ಫಾಗ್ ಲೈಟು, ರಿವರ್ಸ್ ಹಾಡು, ದೊಡ್ಡ ಸ್ಪೀಕರು ಇವೆಲ್ಲ ನಮ್ಮ ರಸ್ತೆಯ ನಿಜವಾದ ಸೊಬಗು. ಇವುಗಳನ್ನು ಜೋಡಿಸುವ ಆಟೋ ಎಲೆಕ್ಟ್ರಿಷಿಯನ್ನರ ಕೈಚಳಕ ಸಣ್ಣದಲ್ಲ. ಅಪಾಯ ಇರುವುದು ತಂತಿಯಲ್ಲಿ.

ಲೆಕ್ಕ ಸರಳ. 12 ವೋಲ್ಟಿನ ಕಾರಿನಲ್ಲಿ 60 ವಾಟಿನ ಎರಡು ಹೆಡ್‌ಲೈಟ್ ಬಲ್ಬುಗಳು 10 ಆಂಪಿಯರ್ ಎಳೆಯುತ್ತವೆ. ಬೆಳಕು ಸಾಲದೆಂದು 100 ವಾಟಿನವು ಹಾಕಿದರೆ ಸುಮಾರು 16.7 ಆಂಪಿಯರ್. ತಂತಿಯಲ್ಲಿ ಹುಟ್ಟುವ ಬಿಸಿ ಪ್ರವಾಹದ ವರ್ಗಕ್ಕೆ ಅನುಗುಣ. ಹಾಗಾಗಿ ಅದೇ ತಂತಿ ಈಗ ಹತ್ತಿರ ಹತ್ತಿರ 2.8 ಪಟ್ಟು ಕಾಯುತ್ತದೆ. ಮೊದಲು ಸ್ವಿಚ್ಚು ಕರಗುತ್ತದೆ, ಆಮೇಲೆ ಕಪ್ಲರು, ಆಮೇಲೆ ತಂತಿಯ ಹೊದಿಕೆ. ಇದಕ್ಕೆ ಮದ್ದು ರಿಲೇ: ಸ್ವಿಚ್ಚಿನಲ್ಲಿ ಹರಿಯುವುದು ರಿಲೇಯ ಸುರುಳಿಗೆ ಬೇಕಾದ ಅಲ್ಪ ಪ್ರವಾಹ ಮಾತ್ರ, ದೊಡ್ಡ ಪ್ರವಾಹ ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ, ಫ್ಯೂಸ್ ದಾಟಿ, ನೇರ ದೀಪಕ್ಕೆ ಹೋಗುತ್ತದೆ. ಫ್ಯೂಸು ಬ್ಯಾಟರಿಯ ಹತ್ತಿರವೇ ಇರಬೇಕು. ಹೋದ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತುವುದು ವಾಹನಕ್ಕೆ ಕೊಳ್ಳಿ ಇಟ್ಟಂತೆ.

ನಿಂತ ವಾಹನದಲ್ಲೂ ಲೆಕ್ಕ ತಪ್ಪಬಾರದು. 5 ವಾಟಿನ ಡ್ಯಾಷ್ ಕ್ಯಾಮೆರಾ ಇಡೀ ದಿನ ಚಾಲೂ ಇದ್ದರೆ ದಿನಕ್ಕೆ 10 ಆಂಪಿಯರ್–ಗಂಟೆ ಖರ್ಚು. 45 ಆಂಪಿಯರ್–ಗಂಟೆಯ ಬ್ಯಾಟರಿ ನಾಲ್ಕೈದು ದಿನಕ್ಕೆ ಬರಿದು. ಊರ ಹಬ್ಬಕ್ಕೆ ಬಂದು ಕಾರು ನಿಲ್ಲಿಸಿದವರು ಹೊರಡುವ ದಿನ ತಳ್ಳಿಸಿಕೊಳ್ಳುವುದಕ್ಕೆ ಹಲವು ಬಾರಿ ಇಂಥದ್ದೇ ಕಾರಣ.

ಉಪಕರಣಗಳು ಹೆಚ್ಚಿದಂತೆ ಪ್ರತಿಯೊಂದಕ್ಕೂ ಬೇರೆ ತಂತಿ ಎಳೆಯುವುದು ಕಾರ್ಖಾನೆಗಳಿಗೂ ಭಾರವಾಯಿತು. ಬಾಷ್ 1986ರಲ್ಲಿ ಮುಂದಿಟ್ಟ ‘ಕ್ಯಾನ್’ ವ್ಯವಸ್ಥೆಯಲ್ಲಿ ಎರಡು ಹೊಸೆದ ತಂತಿಗಳ ಮೇಲೆ ಎಂಜಿನ್, ಬ್ರೇಕ್, ಬಾಗಿಲು, ದೀಪಗಳ ಪೆಟ್ಟಿಗೆಗಳೆಲ್ಲ ಸರದಿಯಂತೆ ಸಂದೇಶ ಕಳಿಸುತ್ತವೆ. ಎರಡು ಒಟ್ಟಿಗೆ ಮಾತಾಡಹೊರಟರೆ ಹೆಚ್ಚು ತುರ್ತಿನದಕ್ಕೆ ದಾರಿ. ಇಂಥ ಕಾರಿನ ತಂತಿಯನ್ನು ಟೆಸ್ಟರ್ ಬಲ್ಬು ಹಿಡಿದು ಚುಚ್ಚಿ ನೋಡುವ ಹಳೆಯ ಪದ್ಧತಿ ನಡೆಯದು. ನಮ್ಮ ಐಟಿಐಗಳ ಪಾಠ ಈ ಬದಲಾವಣೆಯ ವೇಗಕ್ಕೆ ಬರಲೇಬೇಕು.

ಬ್ಯಾಟರಿಯೇ ಎಂಜಿನ್ನಾದಾಗ

ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ಮುಂದಾಳತ್ವದಲ್ಲಿ ರೂಪುಗೊಂಡು 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಕಾರಿನಲ್ಲಿ 6 ವೋಲ್ಟಿನ ಎಂಟು ಬ್ಯಾಟರಿಗಳು ಮುಂದಿನ ಸೀಟಿನ ಕೆಳಗೇ ಕೂತಿದ್ದವು. ಸೀಟು ಎಂಬುದು ಇಂಧನದ ಉಗ್ರಾಣವೂ ಆಯಿತು. ಪೆಟ್ರೋಲ್ ಕಾರಿನಲ್ಲಿ ಬಿಸಿಗಾಳಿ ಬಿಟ್ಟಿಯಾಗಿ ಸಿಗುತ್ತದೆ. ವಿದ್ಯುತ್ ಕಾರಿನಲ್ಲಿ ಎಸಿ, ಹೀಟರು, ದೀಪ, ಹಾಡು ಎಲ್ಲವೂ ಓಡುವ ದೂರವನ್ನೇ ತಿನ್ನುತ್ತವೆ. ಕೀಲಿ ತಿರುಗಿಸಿದರೆ ಎಂಜಿನ್ ಸದ್ದಿಲ್ಲದ ಕಾರಿನಲ್ಲಿ ಚಾಲಕನಿಗೆ ಎಲ್ಲವನ್ನೂ ತಿಳಿಸಬೇಕಾದದ್ದು ಡ್ಯಾಷ್‌ಬೋರ್ಡು. ಬೆಂಗಳೂರಿನದೇ ಏಥರ್ 2018ರಲ್ಲಿ ಸ್ಕೂಟರಿಗೆ 7 ಇಂಚಿನ ಟಚ್ ಪರದೆ ಕೊಟ್ಟಾಗ, ದ್ವಿಚಕ್ರದ ಮೀಟರು ನಕ್ಷೆ ತೋರುವ ಗಣಕವಾಯಿತು.

ನರಸಾಪುರದ ಸಾಲಿನಲ್ಲೂ ಈ ಬದಲಾವಣೆ ಬಂದಿದೆ. 2024ರ ನವೆಂಬರಿನಲ್ಲಿ ಅನಾವರಣಗೊಂಡ ಹೋಂಡಾದ ಆಕ್ಟಿವಾ ಇ ವಿದ್ಯುತ್ ಸ್ಕೂಟರು ಅಲ್ಲೇ ತಯಾರಾದದ್ದು. ಸೀಟಿನ ಕೆಳಗೆ 1.5 ಕಿಲೋವಾಟ್–ಗಂಟೆಯ ಎರಡು ಬ್ಯಾಟರಿಗಳು. ಖಾಲಿಯಾದರೆ ಕೇಂದ್ರದಲ್ಲಿ ಕೊಟ್ಟು ತುಂಬಿದ್ದನ್ನು ಪಡೆಯಬಹುದು. ಇದರ ಬೆಲೆಯೂ ಸೀಟಿನ ಕೆಳಗೇ ಇದೆ: ಹೆಲ್ಮೆಟ್ಟು, ತರಕಾರಿ ಚೀಲ ಇಡುತ್ತಿದ್ದ ಜಾಗ ಬ್ಯಾಟರಿಯ ಪಾಲಾಗಿದೆ. ಹಳ್ಳಿಯಿಂದ ಸಂತೆಗೆ ಹೋಗುವವರಿಗೆ ಆ ಜಾಗ ಅಗ್ಗದ್ದಲ್ಲ. ಅದನ್ನು ಮತ್ತೆ ದೊರಕಿಸುವುದು ಈಗ ಬಿಡಿಸಬೇಕಾದ ಒಳಾಂಗಣದ ಸಮಸ್ಯೆ.

ಈ ಸೀಮೆಯವರು ಇಂದು ವಾಹನಗಳನ್ನು ಜೋಡಿಸುತ್ತಾರೆ, ರಿಪೇರಿ ಮಾಡುತ್ತಾರೆ, ಸಿಂಗರಿಸುತ್ತಾರೆ. ಹಾಲಿನ ಕ್ಯಾನು ಅಲುಗದಂತೆ ಹಿಡಿಯುವ ಕೊಂಡಿ, ಟೆಂಪೋದಲ್ಲಿ ಕ್ರೇಟು ಜಾರದ ಹಲಗೆ ಮುಂತಾದ ಉಪಾಯಗಳು ಗ್ಯಾರೇಜುಗಳಲ್ಲಿ ಹುಟ್ಟುತ್ತವೆ. ದಾಖಲಾಗದೆ ಅಲ್ಲೇ ಉಳಿದುಹೋಗುತ್ತವೆ. ಭಾರತದ ಪೇಟೆಂಟ್ ಕಾಯ್ದೆಯ 3(ಎಫ್) ವಿಧಿಯಂತೆ, ಗೊತ್ತಿರುವ ಸಾಧನಗಳನ್ನು ಬರಿದೆ ಪಕ್ಕಪಕ್ಕ ಇಟ್ಟು ಅವು ತಮ್ಮಷ್ಟಕ್ಕೆ ಕೆಲಸ ಮಾಡಿದರೆ ಆವಿಷ್ಕಾರವೆನಿಸದು. ಕೂಡಿಕೆಯಿಂದ ಹೊಸ ಫಲ ಬಂದರೆ ಅರ್ಜಿ ಹಾಕಬಹುದು. ವ್ಯಕ್ತಿಯೊಬ್ಬರಿಗೆ ಆನ್‌ಲೈನ್ ಅರ್ಜಿಯ ಶುಲ್ಕ 1,600 ರೂಪಾಯಿ. ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿ, ಪೂರ್ಣ ವಿವರಣೆಗೆ 12 ತಿಂಗಳು ಸಮಯ ಪಡೆಯಬಹುದು. ಸಿಕ್ಕ ಪೇಟೆಂಟಿಗೆ ಅರ್ಜಿಯ ದಿನದಿಂದ 20 ವರ್ಷ ಆಯಸ್ಸು. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಹೊಸ ಉಪಾಯ ಹೊಳೆದವರು ಅದರ ವಿಡಿಯೋ ಮಾಡಿ ಹಂಚುವ ಮೊದಲು ಅರ್ಜಿ ಸಲ್ಲಿಸಲಿ. ಒಮ್ಮೆ ಬಹಿರಂಗವಾದದ್ದು ಕಾಯ್ದೆಯ ಕಣ್ಣಿಗೆ ಹೊಸತಾಗಿ ಉಳಿಯುವುದಿಲ್ಲ.